ಮದ್ದಿನ ವಾಸನೆಯ ನೀರು

ಜನವರಿ 9

ಗುಬ್ಬಿ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ಎದೆ ಹಿಡಿದುಕೊಳ್ಳಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ, ಫೋನು ಮಾತ್ರ ತೀರಿಕೊಂಡಿದೆ. ಸಿಮೆಂಟ್ ಮೂಟೆ ಇಳಿಸುವಾಗ ಜೇಬಿನಿಂದ ಜಾರಿ ಹೊಳೆ ಸೇರಿತು. ಇದು ಮೂರನೆಯದು. ಈ ಹೊಳೆಯ ಮೀನುಗಳ ಹತ್ತಿರ ಈಗ ನನಗಿಂತ ಹೆಚ್ಚು ಜನರ ನಂಬರಿದೆ. ಅಮ್ಮನಿಗೆ ಹೇಗೂ ಫೋನಿನಲ್ಲಿ ಕೇಳಿಸುವುದಿಲ್ಲ, ನನಗೆ ಫೋನಿನಲ್ಲಿ ಮಾತೇ ಹೊರಡುವುದಿಲ್ಲ. ಹಾಗಾಗಿ ಇನ್ನೊಂದು ಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಜೆಟ್ಟಿಯ ಟೀ ಅಂಗಡಿಯ ವಿಳಾಸಕ್ಕೆ ಬರೆ. ಸರಕು ಇಳಿಸಿ ವಾಪಸ್ ಬಂದಾಗಲೆಲ್ಲ ತೆಗೆದುಕೊಳ್ಳುತ್ತೇನೆ.

ಅಮ್ಮ ಬೋಟಿಗೆ ಬಂದು ಒಂದು ತಿಂಗಳಾಯಿತು. ಬೀಳುತ್ತಾಳೆ, ಹೆದರುತ್ತಾಳೆ, ವಾಪಸ್ ಕಳಿಸು ಅನ್ನುತ್ತಾಳೆ ಅಂತ ನೀನು ಹೇಳಿದ್ದರಲ್ಲಿ ಒಂದೂ ನಡೆಯಲಿಲ್ಲ. ಇಂಜಿನ್ ಕೋಣೆಯ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು, ಹಗ್ಗದ ಸುರುಳಿಯ ಮೇಲೆ ಕಾಲಿಟ್ಟುಕೊಂಡು ಕೂರುತ್ತಾಳೆ. ಎದುರು ಬರುವ ಬೋಟಿನವರಿಗೆ ಆ ಕಡೆ ಹೋಗು, ಈ ಕಡೆ ಹೋಗು ಅಂತ ಕೈ ಮಾಡುತ್ತಾಳೆ. ಅವರೂ ಹೋಗುತ್ತಾರೆ, ಏನು ಮಾಡುತ್ತಾರೆ ಪಾಪ.

ತಕರಾರು ಒಂದೇ, ನೀರು. ಜೆಟ್ಟಿಯ ನಲ್ಲಿಗೆ ಪೈಪು ಹಾಕಿ, ನೆಲದ ಹಲಗೆಯ ಕೆಳಗಿರುವ ಟ್ಯಾಂಕು ತುಂಬಿಸಿಕೊಳ್ಳುತ್ತೇನೆ. ಒಂದು ಸಲ ತುಂಬಿಸಿದರೆ ಹತ್ತು ಹನ್ನೆರಡು ದಿನ ನಡೆಯುತ್ತದೆ. ಊರಿನವರೆಲ್ಲ ಕುಡಿಯುವ ನೀರೇ ಅದು. ಆದರೆ ಅದಕ್ಕೆ ಹಾಕುವ ಮದ್ದಿನ ವಾಸನೆ ಅಮ್ಮನಿಗೆ ಆಗುತ್ತಿಲ್ಲ. "ಇದೇನೋ ಇದು, ಆಸ್ಪತ್ರೆ ನೆಲ ಒರೆಸಿದ ನೀರು ಕೊಟ್ಟಿದ್ದೀಯ" ಅನ್ನುತ್ತಾಳೆ. ನಾನು ದಿನವಿಡೀ ಟೀ ಕುಡಿಯುವವನು, ನನಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ಟೀ ಬೇಡ, ತಣ್ಣನೆ ನೀರೇ ಬೇಕು. ಈಗ ಅದನ್ನೂ ಕಡಿಮೆ ಮಾಡಿದ್ದಾಳೆ.

ಫಿಲ್ಟರ್ ತರೋಣ ಅಂತ ಪೇಟೆಗೆ ಹೋದೆ. ಅಂಗಡಿಯವನು ನಾಲ್ಕು ಥರ ತೋರಿಸಿ ನಾಲ್ಕೂ ಒಳ್ಳೆಯದು ಅಂದ. ಕ್ಯಾಂಡಲ್ ಇರುವ ಸ್ಟೀಲಿನದ್ದು ತಂದೆ. ದೊಡ್ಡ ಬೋಟೊಂದು ಪಕ್ಕದಲ್ಲಿ ಹೋದ ಅಲೆಗೆ ಮಗುಚಿ ಅಮ್ಮನ ಹಾಸಿಗೆಯೆಲ್ಲ ಒದ್ದೆ. ಕ್ಯಾಂಡಲ್ಲೂ ಬಿರುಕು ಬಿಟ್ಟಿತು. ನೀನು ನೀರಿನ ಇಲಾಖೆಯವಳು. ದೂರು ವಿಭಾಗದ ಮಹಾರಾಣಿ. ಬೋಟಿಗೆ ಯಾವುದು ಸರಿ, ನೀನೇ ಹೇಳು.

ನಿನ್ನ ಅಣ್ಣ


ಜನವರಿ 20

ಅಣ್ಣಾ,

ಮೊದಲು ಬೈಯುತ್ತೇನೆ. ಅಲುಗಾಡುವ ಬೋಟಿನಲ್ಲಿ ಒಂದರ ಮೇಲೊಂದು ಡಬ್ಬಿ ಇಡುವ ಫಿಲ್ಟರ್ ತಂದೆಯಲ್ಲ, ನಿನ್ನ ತಲೆಯೊಳಗೆ ಏನಿದೆ? ನನ್ನನ್ನು ಕೇಳಿ ಕೊಳ್ಳಬಾರದಿತ್ತೇ?

ಆರ್‌ಒ ಬೇಡವೇ ಬೇಡ. ಅದು ಒಂದು ಲೋಟ ಕೊಟ್ಟು ಎರಡು ಲೋಟ ಹೊರಗೆ ಚೆಲ್ಲುತ್ತದೆ. ನಿನ್ನ ಟ್ಯಾಂಕು ನಾಲ್ಕು ದಿನಕ್ಕೆ ಬರಿದಾಗುತ್ತದೆ. ಲೈಟು ಬಿಟ್ಟು ಕ್ರಿಮಿ ಕೊಲ್ಲುವ ಯುವಿ ಫಿಲ್ಟರಿಗೆ ಸದಾ ಕರೆಂಟು ಬೇಕು, ನಿನ್ನ ಬ್ಯಾಟರಿಗೆ ಎರಡು ಬಲ್ಬು ಉರಿಸುವುದೇ ಕಷ್ಟ. ನಿಮಗೆ ಇರುವ ತೊಂದರೆ ವಾಸನೆಯದು. ಅದಕ್ಕೆ ಇದ್ದಿಲಿನ ಫಿಲ್ಟರ್, ಅಂದರೆ ಕಾರ್ಬನ್ ಫಿಲ್ಟರ್ ಸಾಕು. "ನೀರು ಔಷಧಿ ವಾಸನೆ ಹೊಡೀತಿದೆ" ಅಂತ ದಿನಕ್ಕೆ ಮೂವತ್ತು ಜನ ನನ್ನ ಮೇಜಿಗೆ ದೂರು ತರುತ್ತಾರೆ. ಮೂವತ್ತು ಜನಕ್ಕೂ ನಾನು ಹೇಳುವುದು ಇದನ್ನೇ. ಹದಿನೆಂಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಒಳ್ಳೆಯ ಕಂಪನಿಯದೇ ಕೊಂಡು ಪಾರ್ಸೆಲ್ ಮಾಡುತ್ತೇನೆ. ಜೊತೆಗೆ ಅಮ್ಮನಿಗೆ ಸ್ವೆಟರ್, ಜಾರದ ಚಪ್ಪಲಿ, ಒಂದು ಟಾರ್ಚು. ದುಡ್ಡಿನ ಮಾತೆತ್ತಬೇಡ.

ಮಗಳಿಗೆ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ. ಇರುವ ಎರಡು ಕೋಣೆಯಲ್ಲಿ ಅವಳಿಗೆ ಓದಲು ಒಂದು ಬಿಟ್ಟುಕೊಡದೆ ಬೇರೆ ದಾರಿ ಇರಲಿಲ್ಲ. ಅಮ್ಮನಿಗೆ ಇದು ಅರ್ಥವಾಗಿದೆ ಅಂದುಕೊಂಡಿದ್ದೇನೆ. "ನಾನು ಅವನ ಹತ್ತಿರ ಹೋಗ್ತೀನಿ" ಅಂತ ಅವಳೇ ತಾನೇ ಅಂದದ್ದು? ಪರೀಕ್ಷೆ ಮುಗಿದ ತಕ್ಷಣ ಬಂದು ಕರೆದುಕೊಂಡು ಬರುತ್ತೇನೆ ಅಂತ ಹೇಳು.

ಇನ್ನು, ಎಷ್ಟು ಸಲ ಹೇಳಿದರೂ ನಿನಗೆ ನಾಟುವುದಿಲ್ಲ, ಆದರೂ ಹೇಳುತ್ತೇನೆ. ಆ ಬೋಟು ಮಾರಿಬಿಡು. ವಯಸ್ಸಾಗುತ್ತಿದೆ. ನೆಲದ ಮೇಲೊಂದು ಮನೆ ಮಾಡು.

ಗುಬ್ಬಿ


ಫೆಬ್ರವರಿ 3

ಗುಬ್ಬಿ,

ಪಾರ್ಸೆಲ್ ಬಂತು. ಟೀ ಅಂಗಡಿಯವನು ಅದನ್ನು ಎತ್ತಿ ಎತ್ತಿ ನೋಡಿ "ಏನು ಸಾರ್, ತಂಗಿ ಮನೇನೇ ಪ್ಯಾಕ್ ಮಾಡಿ ಕಳಿಸಿದ್ದಾರಾ" ಅಂದ. ಚಪ್ಪಲಿ ಅಮ್ಮನಿಗೆ ಅಳತೆ ಮಾಡಿಸಿದ ಹಾಗೆ ಕೂತಿದೆ. ಸ್ವೆಟರಿನ ಬಣ್ಣ ಮಾತ್ರ ದೂರದಿಂದ ಎಚ್ಚರಿಕೆ ದೀಪದ ಹಾಗೆ ಕಾಣುತ್ತದೆ. ಒಳ್ಳೆಯದೇ ಆಯಿತು, ಮಂಜಿನಲ್ಲಿ ಅಮ್ಮನನ್ನೇ ಮುಂದೆ ಕೂರಿಸಬಹುದು.

ಫಿಲ್ಟರ್ ಭರ್ಜರಿಯಾಗಿದೆ. ಅಡುಗೆ ಮೂಲೆಯ ನಲ್ಲಿಗೆ ಜೋಡಿಸಿದೆ. ಒಂದು ತೊಡಕು. ನಮ್ಮ ನಲ್ಲಿಗೆ ನೀರು ಬರುವುದು ಕಾಲಿನಿಂದ ಒತ್ತುವ ಪಂಪಿನಿಂದ. ಅದಕ್ಕೆ ಈ ಫಿಲ್ಟರಿನ ಹೊಟ್ಟೆಯೊಳಗಿಂದ ನೀರು ನೂಕುವ ಶಕ್ತಿಯಿಲ್ಲ. ಅಮ್ಮ ಇಪ್ಪತ್ತು ಸಲ ಒತ್ತಿದಳು, ಅರ್ಧ ಲೋಟ ತುಂಬಿತು. "ನೀರು ಕುಡಿದಷ್ಟು ಬೆವರು ಸುರೀತು, ಲೆಕ್ಕ ಸರಿಹೋಯ್ತು" ಅಂದಳು.

ಪಂಪು ಬದಲಿಸಿ ಬ್ಯಾಟರಿಯದ್ದು ಹಾಕಿಸಬೇಕೋ, ಇಲ್ಲ ಬೇರೆ ಉಪಾಯವಿದೆಯೋ? ಪಂಪಿನ ಕೆಲಸಕ್ಕೆ ಬೋಟು ಒಂದು ವಾರ ನಿಲ್ಲಿಸಬೇಕು. ನಿಲ್ಲಿಸುತ್ತೇನೆ, ಅದೇ ಸರಿಯಾದರೆ ಹೇಳು.

ನಿನ್ನ ಅಣ್ಣ


ಫೆಬ್ರವರಿ 10

ಅಣ್ಣಾ,

ಆಫೀಸಿನಲ್ಲಿ ಕೂತೇ ಬರೆಯುತ್ತಿದ್ದೇನೆ, ಎದುರಿಗೆ ಜನ ನಿಂತಿದ್ದಾರೆ. ಪಂಪು ಬದಲಿಸುವ ರಗಳೆ ಯಾಕೆ? ಫಿಲ್ಟರನ್ನು ನಲ್ಲಿಯಿಂದ ಬಿಚ್ಚಿ, ಟ್ಯಾಂಕು ತುಂಬಿಸುವ ಪೈಪಿಗೆ ಜೋಡಿಸು. ಜೆಟ್ಟಿಯ ನಲ್ಲಿಯಲ್ಲಿ ಒತ್ತಡ ಚೆನ್ನಾಗಿರುತ್ತದೆ, ನೀರು ಸರಾಗವಾಗಿ ಹೋಗುತ್ತದೆ. ಟ್ಯಾಂಕಿನೊಳಗೆ ಹೋಗುವಾಗಲೇ ಶುದ್ಧವಾಗಿ ಹೋದರೆ ಆಮೇಲೆ ಕುಡಿಯುವುದಕ್ಕೆ, ಪಾತ್ರೆಗೆ, ಎಲ್ಲಕ್ಕೂ ಒಳ್ಳೆಯ ನೀರೇ. ಇಷ್ಟು ಸಣ್ಣ ವಿಷಯಕ್ಕೆ ಬೋಟು ನಿಲ್ಲಿಸಬೇಡ.

ಅಮ್ಮನಿಗೆ ನೀರು ಚೆನ್ನಾಗಿ ಕುಡಿಯಲು ಹೇಳು.

ಗುಬ್ಬಿ


ಫೆಬ್ರವರಿ 27

ಗುಬ್ಬಿ,

ಗೆದ್ದೆ ಕಣೆ! ಪೈಪಿಗೆ ಹಾಕಿದ ಮೇಲೆ ಮದ್ದಿನ ವಾಸನೆ ಹೆಸರಿಗೂ ಇಲ್ಲ. ಅಮ್ಮ ಈಗ ದಿನಕ್ಕೆ ಒಂದು ತಂಬಿಗೆಯ ಮೇಲೆ ಇನ್ನೊಂದು ತಂಬಿಗೆ ಖಾಲಿ ಮಾಡುತ್ತಿದ್ದಾಳೆ. ಪಕ್ಕದಲ್ಲಿ ಬಂದು ನಿಲ್ಲುವ ಬೋಟಿನವರಿಗೂ ಕುಡಿಸಿ, "ನನ್ನ ಮಗಳು ಕಳಿಸಿದ್ದು, ದೊಡ್ಡ ಆಫೀಸಿನಲ್ಲಿದ್ದಾಳೆ, ಇಡೀ ಊರಿನ ನೀರು ಅವಳ ಕೈಯಲ್ಲೇ" ಅಂತ ಕೊಚ್ಚಿಕೊಳ್ಳುತ್ತಾಳೆ. ನಾನು ಇಪ್ಪತ್ತು ವರ್ಷ ಬೋಟು ನಡೆಸಿದ್ದಕ್ಕೆ ಇಷ್ಟು ಹೊಗಳಿಕೆ ಸಿಕ್ಕಿಲ್ಲ.

ಬಿಸಿಲು ಶುರುವಾಗಿದೆ. ಮಧ್ಯಾಹ್ನ ನೆಲದ ಹಲಗೆ ಮೇಲೆ ಕಾಲಿಡುವ ಹಾಗಿಲ್ಲ. ಮುಂದಿನ ವಾರ ಮೇಲಿನ ಊರಿಗೆ ಇಟ್ಟಿಗೆ ಸಾಗಿಸಬೇಕು, ಹೋಗಿ ಬರಲು ಹನ್ನೆರಡು ದಿನ ಹಿಡಿಯುತ್ತದೆ. ದಾರಿಯಲ್ಲಿ ಎಲ್ಲೂ ನಲ್ಲಿಯಿಲ್ಲ, ಟ್ಯಾಂಕು ಕಂಠದವರೆಗೆ ತುಂಬಿಸಿಕೊಂಡೇ ಹೊರಡುತ್ತೇನೆ. ಕೆಳಗೆ ಅಮ್ಮನೂ ಎರಡು ಸಾಲು ಬರೆಯುತ್ತಾಳಂತೆ.

ನಿನ್ನ ಅಣ್ಣ

ಗುಬ್ಬಿ, ನೀರು ಚೆನ್ನಾಗಿದೆ. ಮೊಮ್ಮಗಳಿಗೆ ಚೆನ್ನಾಗಿ ಓದಲು ಹೇಳು. ನನ್ನ ಮಂಚ ಕಿಟಕಿ ಕಡೆಗೆ ಸರಿಸಿಕೊಳ್ಳಲಿ, ಬೆಳಕು ಬರುತ್ತದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ.


ಏಪ್ರಿಲ್ 2

ಗುಬ್ಬಿ,

ಟೀ ಅಂಗಡಿಯವನ ಫೋನಿನಿಂದ ಹೇಳಿದ್ದಕ್ಕೆ ನೀನು ಆಸ್ಪತ್ರೆಗೆ ಓಡಿ ಬಂದು ಹೋದ ಮೇಲೆ ಮತ್ತೂ ಆರು ದಿನ ಅಮ್ಮನನ್ನು ಅಲ್ಲೇ ಇಟ್ಟುಕೊಂಡಿದ್ದರು. ನಿನ್ನೆ ಕಳಿಸಿದರು. ಎತ್ತಿಕೊಂಡು ಬೋಟಿಗೆ ಹತ್ತಿಸಿದೆ. ತೂಕವೇ ಇಲ್ಲ ಕಣೆ ಅವಳಿಗೆ, ಖಾಲಿ ಗೋಣಿಚೀಲ ಎತ್ತಿದ ಹಾಗಿತ್ತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯಂತೆ. ಇನ್ನೊಂದು ಸಲ ಹೀಗೆ ವಾಂತಿ ಭೇದಿಯಾದರೆ ಉಳಿಸಿಕೊಳ್ಳುವುದು ಕಷ್ಟ ಅಂತ ಡಾಕ್ಟರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರು.

"ಏನು ನೀರು ಕುಡಿಸ್ತಿದ್ರಿ?" ಅಂತ ಅವರು ಕೇಳಿದಾಗ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೋದ ಮಳೆಗಾಲದ ನಂತರ ನಾನು ಟ್ಯಾಂಕು ತೊಳೆದೇ ಇರಲಿಲ್ಲ. ಒಳ್ಳೆಯ ಫಿಲ್ಟರ್ ಬಂದಿದೆಯಲ್ಲ, ಇನ್ನೇನು ಅಂತ ಉಡಾಫೆ ಮಾಡಿದೆ. ನೀನು ಅಷ್ಟು ಮುತುವರ್ಜಿಯಿಂದ ಶುದ್ಧ ನೀರು ಬರುವ ಹಾಗೆ ಮಾಡಿಕೊಟ್ಟರೆ, ನಾನು ಅದನ್ನು ಕೊಳಕು ಟ್ಯಾಂಕಿಗೆ ಸುರಿದು ಹೆತ್ತ ತಾಯಿಗೆ ಕುಡಿಸಿದೆ. ನಾನು ಟೀ ಕುಡಿದುಕೊಂಡು ಗಟ್ಟಿಯಾಗಿದ್ದೆ.

ಈಗ ಟ್ಯಾಂಕಿನೊಳಗೆ ಇಳಿದು ತೊಳೆಯುತ್ತಿದ್ದೇನೆ. ಮುಚ್ಚಳದ ಬಾಯಿ ಕಿರಿದು, ಭುಜ ತೂರಿಸುವಷ್ಟರಲ್ಲಿ ಸಾಕಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜುತ್ತೇನೆ, ಅಂಗೈ ಸುಟ್ಟ ಹಾಗೆ ಉರಿಯುತ್ತದೆ. ಒಂದು ಸಲ ಮುಗಿಸಿ ಮೇಲೆ ಬಂದರೆ ಸಮಾಧಾನವಿಲ್ಲ, ಮತ್ತೆ ಇಳಿಯುತ್ತೇನೆ. ಆಸ್ಪತ್ರೆಯ ವರಾಂಡದಲ್ಲಿ ನೀನು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಅಣ್ಣ


ಏಪ್ರಿಲ್ 9
(ಅಂಚೆಗೆ ಹಾಕದೆ ಉಳಿದ ಪತ್ರ)

ಅಣ್ಣಾ,

ನಿನ್ನ ತಪ್ಪಲ್ಲ. ನನ್ನದು.

ನಿನ್ನೆ ಟೀ ಹೊತ್ತಿನಲ್ಲಿ ನಮ್ಮ ಪ್ರಯೋಗಾಲಯದ ಮೇಡಂ ಅಮ್ಮನ ಬಗ್ಗೆ ವಿಚಾರಿಸಿದರು. ನಡೆದದ್ದೆಲ್ಲ ಹೇಳಿದೆ, ಫಿಲ್ಟರ್ ಕಳಿಸಿದ ಜಂಬವನ್ನೂ ಸೇರಿಸಿಯೇ ಹೇಳಿದೆ. ಅವರು ಲೋಟ ಕೆಳಗಿಟ್ಟು, "ಫಿಲ್ಟರ್ ಎಲ್ಲಿ ಹಾಕಿಸಿದ್ರಿ? ಟ್ಯಾಂಕಿಗೆ ಮುಂಚೆನಾ, ಆಮೇಲೆನಾ?" ಅಂದರು. ಮುಂಚೆ ಅಂದೆ. ಅವರು ನನ್ನ ಮುಖ ನೋಡಿದರು. "ಇದ್ದಿಲು ಮದ್ದನ್ನೆಲ್ಲ ಹೀರಿಕೊಂಡುಬಿಡುತ್ತಲ್ಲ. ಮದ್ದಿಲ್ಲದ ನೀರು ಬಿಸಿಲಲ್ಲಿ ಹತ್ತು ಹದಿನೈದು ದಿನ ಟ್ಯಾಂಕಲ್ಲಿ ನಿಂತ್ರೆ ಏನಾಗುತ್ತೆ?" ಅಂತ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಅಯ್ಯೋ, ಅದು ಗೊತ್ತಿರುವುದಕ್ಕೇ ನನಗೆ ಸಂಬಳ ಕೊಡುವುದು. ಊರಿನ ನೀರಿಗೆ ಮದ್ದು ಹಾಕುವುದೇ ನಿಂತ ನೀರಿನಲ್ಲಿ ಕ್ರಿಮಿ ಹುಟ್ಟದಿರಲಿ ಅಂತ. ಟ್ಯಾಂಕು ಎಷ್ಟೇ ಕೊಳೆಯಾಗಿದ್ದರೂ ಇಷ್ಟು ವರ್ಷ ಆ ನೀರು ಕೆಡದಂತೆ ಕಾಪಾಡಿದ್ದು ಆ ವಾಸನೆಯೇ. ಅದನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಮನೆಗಳಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಉತ್ತರವನ್ನೇ ನಿನಗೂ ಬರೆದೆ. ಮನೆಯಲ್ಲಿ ನಲ್ಲಿಗೆ ಹಾಕುತ್ತಾರೆ, ಬಂದ ನೀರನ್ನು ಅಂದೇ ಕುಡಿಯುತ್ತಾರೆ. ನೀನು ಕೂಡ ನಲ್ಲಿಗೇ ಸರಿಯಾಗಿ ಹಾಕಿದ್ದೆ. ಪಂಪು ಬದಲಿಸಲಾ ಅಂತ ಕೇಳಿದೆ. ನಾನೇ ಬೇಡ, ಪೈಪಿಗೆ ಹಾಕು ಅಂದೆ. ಎದುರಿಗೆ ಜನ ನಿಂತಿದ್ದರು, ಬೇಗ ಮುಗಿಸಬೇಕಿತ್ತು.

ಇನ್ನೂ ಒಂದಿದೆ. ಅಮ್ಮ ನಿನ್ನ ಹತ್ತಿರ ಹೋಗುತ್ತೇನೆ ಅಂದಾಗ, ಒಂದು ಸಲವಾದರೂ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ಚೀಲ ತುಂಬಿಸಲು ಎದ್ದೆ. ಆಮೇಲೆ ಸ್ವೆಟರು, ಚಪ್ಪಲಿ, ಫಿಲ್ಟರು ಅಂತ ಕಳಿಸಿದೆ. ಪರೀಕ್ಷೆ ಮುಗಿದು ಮೂರು ವಾರವಾಯಿತು. ಆಸ್ಪತ್ರೆಗೆ ಬಂದು ನೋಡಿ ಹೋದೆನೇ ಹೊರತು ಅವಳನ್ನು ಕರೆದುಕೊಂಡು ಬರುವ ಮಾತೆತ್ತಲಿಲ್ಲ.

ಇದನ್ನು ಓದಿದರೆ ನೀನು ನನ್ನನ್ನು ಹೇಗೆ ನೋಡುತ್ತೀಯೋ.

ಗುಬ್ಬಿ


ಏಪ್ರಿಲ್ 9

ಅಣ್ಣಾ,

ಅಮ್ಮ ಬೋಟಿಗೆ ಬಂದಳೆಂದು ಓದಿ ಹೋದ ಜೀವ ಬಂತು. ನೀನು ಹಾಗೆಲ್ಲ ನಿನ್ನನ್ನೇ ಹಳಿದುಕೊಳ್ಳಬೇಡ. ಇಂಥದ್ದು ಯಾರಿಗೆ ಬೇಕಾದರೂ ಆಗಬಹುದು. ಹಣೆಯಲ್ಲಿ ಬರೆದದ್ದು ಅಂದುಕೋ.

ಒಂದೆರಡು ಮಾತು ನೆನಪಿಟ್ಟುಕೊ. ಇನ್ನು ಮೇಲೆ ಅಮ್ಮನಿಗೆ ಕುದಿಸಿ ಆರಿಸಿದ ನೀರನ್ನೇ ಕೊಡು, ಮರೆಯಬೇಡ. ಆ ಫಿಲ್ಟರನ್ನು ಸದ್ಯಕ್ಕೆ ಪೈಪಿನಿಂದ ಬಿಚ್ಚಿ ಪಕ್ಕಕ್ಕಿಡು. ಒಳಗಿನ ಇದ್ದಿಲಿನ ಗಟ್ಟಿ ಬದಲಿಸುವ ಕಾಲ ಬಂದಿರಬಹುದು. ಹೊಸದು ಸಿಕ್ಕಾಗ ಕಳಿಸುತ್ತೇನೆ. ಅಲ್ಲಿಯವರೆಗೆ ವಾಸನೆ ಬಂದರೂ ಬರಲಿ.

ಕೈಗೆ ಹಚ್ಚಿಕೊಳ್ಳಲು ಒಂದು ಮುಲಾಮು, ಅಮ್ಮನಿಗೆ ಶಕ್ತಿ ಬರುವ ಪುಡಿ, ಸ್ವಲ್ಪ ಹಣ್ಣು ಕಳಿಸಿದ್ದೇನೆ.

ಗುಬ್ಬಿ


ಏಪ್ರಿಲ್ 25

ಗುಬ್ಬಿ,

ನೀನು ಬರೆದ ಹಾಗೆಯೇ ಫಿಲ್ಟರ್ ಬಿಚ್ಚಿಟ್ಟಿದ್ದೇನೆ, ನೀರು ಕುದಿಸಿಯೇ ಕೊಡುತ್ತಿದ್ದೇನೆ. ಅಲ್ಲಿ ಕೂತುಕೊಂಡೇ ಇದ್ದಿಲಿನ ಗಟ್ಟಿ ಸವೆದದ್ದು ಕೂಡ ನಿನ್ನ ತಲೆಯಲ್ಲಿದೆಯಲ್ಲ! ಅಮ್ಮನಿಗೆ ಓದಿ ಹೇಳಿದೆ. "ಹೂಂ" ಅಂದಳು. ಈಚೆಗೆ ಅವಳ ಮಾತು ಕಡಿಮೆಯಾಗಿದೆ. ಎದುರು ಬರುವ ಬೋಟುಗಳಿಗೂ ಕೈ ಮಾಡುತ್ತಿಲ್ಲ.

ಮುಲಾಮು ಹಚ್ಚಿದರೆ ಉರಿ. ಅಂಗೈ ಚರ್ಮ ಎದ್ದಿದೆ, ಸ್ಟಿಯರಿಂಗ್ ಹಿಡಿಯಲು ಬಟ್ಟೆ ಸುತ್ತಿಕೊಳ್ಳುತ್ತೇನೆ. ಟ್ಯಾಂಕು ಈಗಲೂ ವಾರಕ್ಕೆ ಎರಡು ಸಲ ತೊಳೆಯುತ್ತೇನೆ, ನಗಬೇಡ. ಕನಸಿನಲ್ಲೂ ಪಾಚಿ ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಬೋಟು ಮಾರುತ್ತಿದ್ದೇನೆ. ಇಷ್ಟು ವರ್ಷ ನೀನು ಏರಿಗೆ ಎಳೆದೆ, ನಾನು ನೀರಿಗೆ ಎಳೆದೆ. ಸಾಕು, ನೀನೇ ಗೆದ್ದೆ. ಒಂದು ಜೀವಕ್ಕೆ ಒಂದು ಲೋಟ ಒಳ್ಳೆಯ ನೀರು ಕೊಡಲಾರದವನಿಗೆ ಬೋಟು ಯಾಕೆ? ಮರಳು ಸಾಗಿಸುವ ಕಂಟ್ರಾಕ್ಟರೊಬ್ಬ ಬಂದು ನೋಡಿದ. ತಳದ ಹಲಗೆ ಕುಟ್ಟಿ ನೋಡಿ "ಮಗು ಥರ ಸಾಕಿದ್ದೀಯಲ್ಲಯ್ಯ" ಅಂದ. ಆ ಮಾತು ಕೇಳಿ ನಾನು ಹಿಂದೆ ಹೋಗಿ ಇಂಜಿನ್ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮೇ ಇಪ್ಪತ್ತಕ್ಕೆ ಕಾಗದ ಪತ್ರ ಮಾಡಿಕೊಳ್ಳೋಣ ಅಂತ ಮಾತಾಗಿದೆ. ಆಮೇಲೆ ಅವನದೇ ಗೋದಾಮಿನಲ್ಲಿ ಕಾವಲು ಕೆಲಸ ಕೊಡುತ್ತಾನಂತೆ, ಹಿಂದೆ ಒಂದು ಕೋಣೆಯೂ ಇದೆ, ನಲ್ಲಿಯೂ ಇದೆ. ಅಮ್ಮನನ್ನು ಅಲ್ಲಿ ಇಟ್ಟುಕೊಳ್ಳುತ್ತೇನೆ.

ನಿನಗೆ ಸಂತೋಷವಾಗುತ್ತದೆ ಅಂತ ಮೊದಲು ನಿನಗೇ ಬರೆದೆ.

ನಿನ್ನ ಅಣ್ಣ


ಮೇ 4

ಅಣ್ಣಾ,

ಬೋಟು ಮಾರಬೇಡ. ಈ ಪತ್ರವನ್ನು ಕೊನೆಯವರೆಗೆ ಓದು, ಅರ್ಧಕ್ಕೆ ಹರಿಯಬೇಡ.

ಅಮ್ಮ ಮಲಗಿದ್ದು ನಿನ್ನ ಟ್ಯಾಂಕಿನಿಂದಲ್ಲ, ನನ್ನ ಬುದ್ಧಿವಂತಿಕೆಯಿಂದ. ನೀರಿಗೆ ಹಾಕಿದ ಮದ್ದು ಟ್ಯಾಂಕಿನಲ್ಲಿ ನೀರು ಕೆಡದ ಹಾಗೆ ಕಾಯುತ್ತದೆ. ನಾನು ಪೈಪಿಗೆ ಹಾಕಿಸಿದ ಫಿಲ್ಟರ್ ಆ ಮದ್ದನ್ನೇ ತೆಗೆದುಬಿಟ್ಟಿತು. ಟ್ಯಾಂಕು ತೊಳೆದಿದ್ದರೂ ಆ ಬಿಸಿಲಿಗೆ, ಅಷ್ಟು ದಿನಕ್ಕೆ ನೀರು ಕೆಡುತ್ತಿತ್ತು. ನಲ್ಲಿಗೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ನೀನು ಅಲ್ಲೇ ಹಾಕಿದ್ದೆ.

ಇದು ನನಗೆ ಗೊತ್ತಾದದ್ದು ಏಪ್ರಿಲ್ ಎಂಟಕ್ಕೆ. ಇದ್ದಿಲು ಸವೆದಿದೆ ಅಂತ ಬರೆದದ್ದು ಶುದ್ಧ ಸುಳ್ಳು. ಗೊತ್ತಿದ್ದೂ ನಿನಗೆ ಮುಲಾಮು ಕಳಿಸಿದೆ. ಅದೇ ದಿನ ನಿಜ ಬರೆದ ಪತ್ರವೂ ಒಂದಿತ್ತು, ಅದನ್ನು ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ. ಆಫೀಸಿನಲ್ಲಿ ಯಾರಾದರೂ "ನೀರು" ಅಂದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೇಳಲು ನಾಚಿಕೆಯಾಗುವ ಮಾತು ಇನ್ನೊಂದಿದೆ. ಬೋಟು ಮಾರುತ್ತೇನೆ ಅಂತ ನಿನ್ನ ಪತ್ರ ಬಂದಾಗ, ಓದಿದ ತಕ್ಷಣ ನನಗೆ ಒಂದು ಬಗೆಯ ನಿರಾಳವಾಯಿತು. ಇನ್ನು ಹೇಳುವ ಅಗತ್ಯವೇ ಇಲ್ಲವಲ್ಲ, ಎಲ್ಲ ನಾನು ಬಯಸಿದ ಹಾಗೆಯೇ ಆಯಿತಲ್ಲ ಅಂತ. ಆಮೇಲೆ ನೀನು ಗೋದಾಮಿನ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತದ್ದು ಕಣ್ಣಿಗೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಕೋಣೆ ಖಾಲಿ ಇದೆ. ಅಮ್ಮನನ್ನು ಕಳಿಸು, ನಾನು ನೋಡಿಕೊಳ್ಳುತ್ತೇನೆ. ನಿನಗೆ ಕ್ಷಮಿಸಲು ಆಗದಿದ್ದರೆ ಬೇಡ. ಬೋಟು ಮಾತ್ರ ಮಾರಬೇಡ.

ಗುಬ್ಬಿ


ಮೇ 16

ಗುಬ್ಬಿ,

ಅಮ್ಮ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೋಟಿನ ಮೇಲೆ ತಪ್ಪು ಹೊರಿಸು. ನಿನ್ನಣ್ಣ ಬರೆಯುವುದಿಲ್ಲವಂತೆ. "ನೀನೇ ಬರಿ, ನನ್ ಕೈಲಾಗಲ್ಲ" ಅಂದ.

ನಿನ್ನ ಪತ್ರವನ್ನು ಟೀ ಅಂಗಡಿಯ ಮುಂದೆ ನಿಂತೇ ಓದಿದ. ಮಡಿಸಿ ನನ್ನ ಕೈಗೆ ಕೊಟ್ಟು ಇಂಜಿನ್ ಶುರು ಮಾಡಿದ. ಸಂಜೆ ಬೋಟು ಕಟ್ಟಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡುತ್ತ ಕೂತ. "ಇಷ್ಟು ಚೊಕ್ಕಟ ಟ್ಯಾಂಕು ಈ ಹೊಳೇಲಿ ಇನ್ಯಾರ ಹತ್ರಾನೂ ಇಲ್ಲ ಕಣಮ್ಮ" ಅಂತ ನಕ್ಕ. ನಗುತ್ತ ನಗುತ್ತಲೇ ಅಳು ಬಂತು ಅವನಿಗೆ. ನಾನು ತಲೆ ಸವರಲು ಹೋದರೆ ಎದ್ದು ಆಚೆ ಹೋದ.

ಈಗ ನನ್ನ ಮಾತು ಕೇಳು. ಫಿಲ್ಟರನ್ನು ಎಲ್ಲೋ ಹಾಕಿಸಿದ್ದಕ್ಕೆ ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಒಳ್ಳೆಯದಾಗಲಿ ಅಂತ ಮಾಡಿದೆ, ಕೆಟ್ಟದಾಯಿತು. ಮಕ್ಕಳು ಕೊಟ್ಟ ನೀರು ಕುಡಿದು ಸತ್ತಿದ್ದರೂ ನಾನು ನಿನಗೆ ಶಾಪ ಹಾಕುತ್ತಿರಲಿಲ್ಲ. ಆದರೆ ಏಪ್ರಿಲ್ ಎಂಟಕ್ಕೆ ಗೊತ್ತಾಗಿ ಮೇ ನಾಲ್ಕಕ್ಕೆ ಬರೆದೆಯಲ್ಲ, ಆ ದಿನಗಳು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿವೆ.

ನೀನು ಬರೆಯುವ ಮೊದಲೇ ನನಗೆ ಗೊತ್ತಿತ್ತು. ಫಿಲ್ಟರ್ ಬಿಚ್ಚಿಡು ಅಂತ ನೀನು ಬರೆದದ್ದನ್ನು ಇವನು ಓದಿ, "ನೋಡಮ್ಮ, ನಮ್ಮ ಗುಬ್ಬಿಗೆ ಎಷ್ಟು ಕಾಳಜಿ" ಅಂದ. ಕೊಟ್ಟ ವಸ್ತುವನ್ನು ಬೇಡ ಅನ್ನುವವಳಲ್ಲ ನನ್ನ ಮಗಳು, ಇದೇನು ಹೊಸದು ಅಂತ ಯೋಚಿಸಿದೆ. ಮದ್ದಿನ ವಾಸನೆ ಇದ್ದಷ್ಟು ದಿನ ಬೈದುಕೊಂಡು ಕುಡಿದೆ, ಗಟ್ಟಿಯಾಗಿದ್ದೆ. ವಾಸನೆ ಹೋಯಿತು, ಹೊಗಳಿಕೊಂಡು ಕುಡಿದೆ, ಮಲಗಿದೆ. ಹಾಸಿಗೆಯಲ್ಲಿ ಬಿದ್ದವಳಿಗೆ ಇದನ್ನು ಕೂಡಿ ಕಳೆಯುವುದಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ.

ಗೊತ್ತಾದ ಮೇಲೆ ನಾನೇನು ಮಾಡಿದೆ? ನಾನೂ ಸುಮ್ಮನಿದ್ದೆ. ಹೇಳುವುದಾದರೆ ನೀನೇ ಹೇಳಲಿ, ನಿನ್ನ ಮರ್ಯಾದೆ ಉಳಿಯಲಿ ಅಂತ. ಇವತ್ತು ಬರೆಯುತ್ತಾಳೆ, ನಾಳೆ ಬರೆಯುತ್ತಾಳೆ ಅಂತ ಕಾದೆ. ಅಷ್ಟು ದಿನವೂ ಅವನು ಟ್ಯಾಂಕಿಗೆ ಇಳಿಯುತ್ತಿದ್ದ. ನಾನು ಮೇಲೆ ಕುರ್ಚಿಯಲ್ಲಿ ಕೂತು ಕೆಳಗಿನ ಬ್ರಷ್ಷಿನ ಸದ್ದು ಕೇಳುತ್ತಿದ್ದೆ. "ಸಾಕು ಬಾರೋ, ನಿನ್ನ ತಪ್ಪಲ್ಲ" ಅನ್ನುವ ಒಂದು ಮಾತು, ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಅಂಗೈ ಚರ್ಮ ಕಿತ್ತು ಬಂದಾಗಲೂ ನುಂಗಿಕೊಂಡೆ. ಮಗಳ ಮರ್ಯಾದೆಗೆ ಮಗನ ಕೈ ಸುಟ್ಟವಳು ನಾನು. ನಿನಗೆ ಬೈಯಲು ಕೂತರೆ ಅರ್ಧ ಬೈಗುಳ ನನಗೇ ತಿರುಗುತ್ತದೆ.

ನಿನ್ನೆ ಅವನಿಗೆ ಅದನ್ನೂ ಹೇಳಿಬಿಟ್ಟೆ. ಹಗ್ಗ ಸುತ್ತುತ್ತಿದ್ದವನು ನಿಲ್ಲಿಸಿ, "ನಿಂಗೂ ಗೊತ್ತಿತ್ತಾ?" ಅಂದ. ಅಷ್ಟೇ. ಆಮೇಲೆ ಎಂದಿನ ಹಾಗೆ ನನಗೆ ಊಟ ಕೊಟ್ಟ, ನೀರು ಕುದಿಸಿಟ್ಟ, ಹೊದಿಕೆ ಸರಿಮಾಡಿದ.

ಬೋಟು ಮಾರುವುದಿಲ್ಲ. ಕಂಟ್ರಾಕ್ಟರನಿಗೆ ನಾನೇ ಹೇಳಿದೆ, ಗೊಣಗಿಕೊಂಡು ಹೋದ. ಕೋಣೆ ಖಾಲಿ ಇದೆ ಅಂತ ಬರೆದಿದ್ದೀಯ, ಇರಲಿ ಬಿಡು. ನಾನು ಇವನನ್ನು ಬಿಟ್ಟು ಈಗ ಎಲ್ಲಿಗೂ ಬರುವುದಿಲ್ಲ. ಬಂದರೆ ಓಡಿಹೋದ ಹಾಗಾಗುತ್ತದೆ.

ನೀನು ಬಾ. ಹಣ್ಣು, ಪುಡಿ, ಹೊಸ ಫಿಲ್ಟರು ಏನೂ ತರಬೇಡ, ಬರಿಗೈಯಲ್ಲಿ ಬಾ. ಬಂದು ಅವನ ಎದುರು ಕೂತು, ಮುಖ ನೋಡಿ ಹೇಳು. ಬೈದರೆ ಬೈಸಿಕೊ. ನಾನೂ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಅವನು ನನ್ನನ್ನೂ ಇನ್ನೂ ಬೈದಿಲ್ಲ.

ಅಮ್ಮ